ಅಗ್ಗದ ಕಾರು, ದುಬಾರಿ ಲೆಕ್ಕ: ನಮ್ಮ ನಾಲ್ಕು ತಾಲ್ಲೂಕಿನ ಒಂದು ಚರಿತ್ರೆ

ಕಿಕ್ಕೇರಿಯಿಂದ ನಮ್ಮ ಭಾವ ಫೋನ್ ಮಾಡಿದ್ದರು. ಅವರ ತಾಯಿಗೆ ವಾರಕ್ಕೆ ಎರಡು ಸಲ ಮೈಸೂರಿನಲ್ಲಿ ಡಯಾಲಿಸಿಸ್ ಆಗಬೇಕು. ಪ್ರತಿ ಸಲ ಬಾಡಿಗೆ ಕಾರಿಗೆ ಎರಡೂವರೆ ಸಾವಿರ ಕೊಟ್ಟು ಸಾಕಾಗಿತ್ತು. ‘ಎರಡೂವರೆ ಲಕ್ಸ ಐತೆ ಕಣಪ್ಪ. ಯಾವ ಕಾರು ತಗಳಣ ಯೋಳು? ನೀವು ಪೇಪರ್‌ನೋರು, ಎಲ್ಲಾ ಕಡೆ ತಿರುಗ್ತೀರ. ದಾರೀಲಿ ಮಾತ್ರ ನಿಲ್ಲಬಾರ್ದು’ ಎಂದರು.

ನಾಳೆ ಹೇಳುತ್ತೇವೆ ಎಂದು ಫೋನ್ ಇಟ್ಟೆವು. ಹೇಳಲು ಕೂತಾಗ ಇದು ಒಂದು ಕಾರಿನ ಹೆಸರು ಹೇಳಿ ಮುಗಿಸುವ ಮಾತಲ್ಲ ಅನ್ನಿಸಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿ ವರದಿಗೆ ಅಂತ ಓಡಾಡುವ ನಮಗೆ ಈ ಪ್ರಶ್ನೆ ಹೊಸದಲ್ಲ. ಕಬ್ಬಿನ ದುಡ್ಡು ಬಂದಾಗ, ಕೊಬ್ಬರಿಗೆ ಒಳ್ಳೆ ಬೆಲೆ ಸಿಕ್ಕಾಗ, ಮಗಳ ಮದುವೆ ಗೊತ್ತಾದಾಗ ನಮ್ಮ ಜನ ಇದನ್ನೇ ಕೇಳುತ್ತಾರೆ. ಹಿಂದಿನವರೂ ಕೇಳಿದ್ದರು. ಅವರು ಕೊಂಡ ಕಾರುಗಳು ಏನಾದವು ಎಂದು ನೋಡಿದರೆ ಭಾವನ ಪ್ರಶ್ನೆಗೆ ಉತ್ತರ ಸಿಗಬಹುದು ಎಂದುಕೊಂಡು ಹಿಂದಕ್ಕೆ ಹೋದೆವು.

ಕಟ್ಟೆ ಕಟ್ಟಿದವರ ಕಾರಿನ ಕನಸು

ನಮ್ಮ ಕಡೆ ಕಾರಿನ ಚರಿತ್ರೆಯನ್ನೂ ಸರ್ ಎಂ. ವಿಶ್ವೇಶ್ವರಯ್ಯನವರಿಂದಲೇ ಶುರು ಮಾಡಬೇಕು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ನಂತರ ನಾಲೆ ಬಂತು. ಮೊದಲು ಇರ್ವಿನ್ ನಾಲೆ ಎನ್ನುತ್ತಿದ್ದ ಅದನ್ನು ಈಗ ವಿಶ್ವೇಶ್ವರಯ್ಯ ನಾಲೆ, ಅಂದರೆ ವಿ.ಸಿ. ನಾಲೆ ಎನ್ನುತ್ತೇವೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ನೀರು, ಕಬ್ಬು, ಕಾರ್ಖಾನೆ ಮೂರೂ ಸೇರಿ ಕೈಗೆ ಒಂದಿಷ್ಟು ನಗದು ಬಂತು. ಕಾರು ಕೊಳ್ಳುವ ಯೋಚನೆ ಬಂದದ್ದು ಆ ನಗದಿನಿಂದ.

ಅದೇ ವಿಶ್ವೇಶ್ವರಯ್ಯನವರು ದೇಶದಲ್ಲೇ ಕಾರು ತಯಾರಾಗಬೇಕು ಎಂದು ಹಟ ಹಿಡಿದಿದ್ದರು ಎಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದರು. ಯೋಜನೆ ಬರೆದು ಮುಂಬೈ ಮತ್ತು ಮೈಸೂರು ಸರ್ಕಾರಗಳ ಮುಂದಿಟ್ಟರು. ಬೆಂಗಳೂರಿನಲ್ಲಿ ಕಾರ್ಖಾನೆ ಮಾಡುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರ ಸಹಕರಿಸಲಿಲ್ಲ, ಮೈಸೂರಿನ ಯೋಜನೆ ನಿಂತುಹೋಯಿತು. ಅವರ ಜೊತೆ ಕೈಜೋಡಿಸಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಮುಂದೆ ಅದೇ ಕಂಪನಿಯಿಂದ ಫಿಯೆಟ್ 1100, ಆಮೇಲೆ ಪ್ರೀಮಿಯರ್ ಪದ್ಮಿನಿ ಬಂದವು. ಬೆಂಗಳೂರಿನಲ್ಲಿ ಹುಟ್ಟಬಹುದಾಗಿದ್ದ ಕಾರು ಮುಂಬೈಯಿಂದ ನಮ್ಮೂರಿಗೆ ಬಂತು.

ಕೆಡುತ್ತಿತ್ತು, ಆದರೆ ಊರಲ್ಲೇ ರಿಪೇರಿಯಾಗುತ್ತಿತ್ತು

ಲೈಸೆನ್ಸ್ ರಾಜ್ಯದ ಕಾಲದಲ್ಲಿ ಆಯ್ಕೆ ಎಂಬುದೇ ಇರಲಿಲ್ಲ. ಅಂಬಾಸಿಡರ್, ಫಿಯೆಟ್, ಅಲ್ಲೊಂದು ಇಲ್ಲೊಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಊರಿಗೊಂದು ಕಾರಿದ್ದರೆ ಅದು ಡಾಕ್ಟರದ್ದೋ, ರೈಸ್ ಮಿಲ್ಲಿನವರದ್ದೋ, ದೊಡ್ಡ ಗೌಡರದ್ದೋ ಆಗಿರುತ್ತಿತ್ತು. ಹೆರಿಗೆಗೂ ಅದೇ, ಮದುವೆ ಗಂಡಿಗೂ ಅದೇ, ಚುನಾವಣೆಗೂ ಅದೇ.

ಆ ಕಾರುಗಳು ಗಟ್ಟಿ ಎಂದು ಹಿರಿಯರು ಹೇಳುವುದುಂಟು. ಬಿಡಿಸಿ ಕೇಳಿದರೆ ಬೇರೆ ಕತೆ ಬರುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ, ನಾಲ್ಕು ಜನ ತಳ್ಳಬೇಕಿತ್ತು. ಬೇಸಿಗೆಯಲ್ಲಿ ಮೇಲುಕೋಟೆ ಏರು ಹತ್ತುವಾಗ ರೇಡಿಯೇಟರ್ ಕುದಿಯುತ್ತಿತ್ತು, ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇರಲೇಬೇಕಿತ್ತು. ಹಾಗಿದ್ದರೂ ಜನ ಅವನ್ನು ನಂಬಿದರು. ಕಾರಣ ಸರಳ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಕಾರ್ಬೊರೇಟರ್ ಬಿಚ್ಚಿ ಊದಿ ಹಾಕಬಹುದಿತ್ತು. ಟ್ರ್ಯಾಕ್ಟರ್ ರಿಪೇರಿ ಮಾಡುವವನೂ ಅದಕ್ಕೆ ಕೈ ಹಾಕುತ್ತಿದ್ದ. ಪಾರ್ಟ್ಸ್ ಮೈಸೂರಿನಲ್ಲಿ ಸಿಗುತ್ತಿತ್ತು, ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತಿತ್ತು.

ಕೆ.ಆರ್. ಪೇಟೆಯವರಿಗೆ ಪದ್ಮಿನಿ ಇನ್ನೊಂದು ದಾರಿಯಲ್ಲೂ ಗೊತ್ತು. ಆ ತಾಲ್ಲೂಕಿನಿಂದ ದುಡಿಮೆಗೆ ಮುಂಬೈ ಸೇರಿದವರು ಸಾವಿರಾರು. 2020ರ ಲಾಕ್‌ಡೌನ್‌ನಲ್ಲಿ ಅವರು ಮರಳಿ ಬಂದಾಗಲೇ ಇಡೀ ರಾಜ್ಯಕ್ಕೆ ಅದು ತಿಳಿದದ್ದು. ಆ ಊರಿನ ಕಪ್ಪು ಹಳದಿ ಟ್ಯಾಕ್ಸಿ ಎಂದರೆ ಪದ್ಮಿನಿಯೇ. ಕಂಪನಿ ಕಾರು ಮಾಡುವುದನ್ನು ನಿಲ್ಲಿಸಿದ ಮೇಲೂ ಅವು ಎರಡು ದಶಕ ಓಡಿದವು. 2003ರ ಅಕ್ಟೋಬರ್‌ನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ, ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ಕಂಪನಿ ಇಲ್ಲದಿದ್ದರೂ ಕಾರು ಉಳಿದದ್ದು ರಿಪೇರಿ ಮಾಡುವವರು ಉಳಿದದ್ದರಿಂದ.

ಇದಕ್ಕೆ ಎದುರಿನ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಸಿಪಾನಿ ಕಂಪನಿ ಬಾದಲ್ ಎಂಬ ಮೂರು ಚಕ್ರದ ಪುಟ್ಟ ಕಾರು ಮಾಡಿತು. 1982ರ ಹೊತ್ತಿಗೆ ಡಾಲ್ಫಿನ್ ತಂದಿತು. ಎರಡು ಬಾಗಿಲು, 848 ಸಿಸಿ ಎಂಜಿನ್, ಫೈಬರ್ ಮೈ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ ಅದು. ಹಗುರವಾಗಿದ್ದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಮನೆಯವರು ಕೊಳ್ಳುವ ಕಾರಾಗಿ ಮಾತ್ರ ನಿಲ್ಲಲಿಲ್ಲ. ತಗಡಿಗೆ ವೆಲ್ಡಿಂಗ್ ಮಾಡುವವರು ಪ್ರತಿ ಊರಲ್ಲಿದ್ದರು, ಫೈಬರ್ ಮೈ ಒಡೆದರೆ ಏನು ಮಾಡಬೇಕೆಂದು ಗೊತ್ತಿದ್ದವರು ಕಡಿಮೆ. ಅಷ್ಟರಲ್ಲಿ ಮಾರುತಿ ಬಂತು.

ಎಂಟುನೂರು ಮತ್ತು ಓಮ್ನಿ

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದರು. ಬೆಲೆ ಸುಮಾರು 50 ಸಾವಿರ ರೂಪಾಯಿ. ಅದಕ್ಕೂ ಮೊದಲೇ ಒಂದು ಲಕ್ಷಕ್ಕಿಂತ ಹೆಚ್ಚು ಜನ ಮುಂಗಡ ಕಟ್ಟಿದ್ದರು. 796 ಸಿಸಿ, ಮೂರು ಸಿಲಿಂಡರ್. ಅಂಬಾಸಿಡರ್ ಕಂಡವರಿಗೆ ಅದು ಬೆಂಕಿಪೊಟ್ಟಣದ ಹಾಗೆ ಕಂಡಿತು. ಆದರೆ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಹೆಂಗಸರೂ ಸುಲಭವಾಗಿ ಓಡಿಸುವಷ್ಟು ಹಗುರವಾಗಿತ್ತು. ಮೇಷ್ಟ್ರು, ಬ್ಯಾಂಕಿನವರು, ಎಂಜಿನಿಯರ್‌ಗಳು ಮೊದಲ ಸಲ ಕಾರಿನ ಮಾಲೀಕರಾದದ್ದು ಇದರಿಂದ.

ಮೊದಮೊದಲು ನಮ್ಮ ಮೆಕ್ಯಾನಿಕ್‌ಗಳಿಗೆ ಇದರ ಮೇಲೆ ಅನುಮಾನವಿತ್ತು. ಪಾಂಡವಪುರದಲ್ಲಿ ಮೂವತ್ತೈದು ವರ್ಷದಿಂದ ಗ್ಯಾರೇಜ್ ನಡೆಸುವ ಹಿರಿಯರೊಬ್ಬರು ನಮಗೆ ಹೇಳಿದ್ದು: ‘ಮೊದ್ಲು ಈ ಜಪಾನ್ ಎಂಜಿನ್ ಮುಟ್ಟಕ್ಕೇ ಹೆದ್ರಿಕೆ. ಒಂದು ಕಾರು ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಗೊತ್ತಾಯ್ತು, ಇದು ಫಿಯೆಟ್‌ಗಿಂತ ಸಲೀಸು ಅಂತ.’ ಹೀಗೆ ಬಿಚ್ಚಿ ಜೋಡಿಸಿದ ಕೈಗಳು ಊರೂರಲ್ಲಿ ತಯಾರಾದ ಮೇಲೆ 800ಕ್ಕೆ ಎದುರಿಲ್ಲದಂತಾಯಿತು. 2014ರ ಜನವರಿವರೆಗೆ ಅದರ ತಯಾರಿಕೆ ನಡೆಯಿತು. ನಮ್ಮ ರಸ್ತೆಗಳಲ್ಲಿ ಇವತ್ತೂ ಅದು ಕಾಣುತ್ತದೆ.

1984ರಲ್ಲಿ ಬಂದ ಮಾರುತಿ ವ್ಯಾನ್, ಮುಂದೆ ಓಮ್ನಿ ಆಯಿತು. ಅದೇ ಎಂಜಿನ್, ಅದೇ ಪಾರ್ಟ್ಸ್, ಜಾಗ ಮಾತ್ರ ಜಾಸ್ತಿ. ಶಾಲೆ ಮಕ್ಕಳು, ಹೂವಿನ ಮೂಟೆ, ಟೊಮೆಟೊ ಕ್ರೇಟು, ಶಾಮಿಯಾನದ ಸಾಮಾನು, ತುರ್ತಿನಲ್ಲಿ ರೋಗಿ, ಕೊನೆಗೆ ಹೆಣ, ಎಲ್ಲವೂ ಅದರಲ್ಲೇ. ದುಡಿಯುವ ಕಾರು ಎಂದು ಬ್ಯಾಂಕಿನ ಸಾಲವನ್ನು ಅದರಿಂದಲೇ ತೀರಿಸಿದವರಿದ್ದಾರೆ. ಜೊತೆಗೆ ಕೆಟ್ಟ ಚಾಳಿಯೂ ಬಂತು. ಪೆಟ್ರೋಲ್ ಉಳಿಸಲು ಅಡುಗೆ ಅನಿಲದ ಸಿಲಿಂಡರನ್ನು ಕದ್ದು ಜೋಡಿಸುವುದು, ಎಂಟು ಜನ ಕೂರುವಲ್ಲಿ ಹದಿನೈದು ಮಕ್ಕಳನ್ನು ತುಂಬುವುದು. ಓಮ್ನಿಯಲ್ಲಿ ಚಾಲಕನ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಒಂದು ತಗಡು ಬಿಟ್ಟರೆ ಏನೂ ಇಲ್ಲ ಎಂದು ಆಗ ಯಾರೂ ಯೋಚಿಸಲಿಲ್ಲ. ನಾವೂ ಚಿಕ್ಕವರಿದ್ದಾಗ ಅದರ ಮುಂದಿನ ಸೀಟಿಗೆ ಜಗಳವಾಡಿದವರೇ.

ಆಯ್ಕೆ ಹೆಚ್ಚಾದಾಗ

1998 ಎಲ್ಲವನ್ನೂ ಬದಲಿಸಿದ ವರ್ಷ. ಹ್ಯುಂಡೈ ಸ್ಯಾಂಟ್ರೊ, ಡೇವೂ ಮ್ಯಾಟಿಜ್, ವರ್ಷದ ಕೊನೆಗೆ ಟಾಟಾ ಇಂಡಿಕಾ ಒಂದರ ಹಿಂದೆ ಒಂದು ಬಂದವು. ಇಂಡಿಕಾಕ್ಕೆ ಜನ ಮುಗಿಬಿದ್ದರು. ಮೊದಲ ಕಾರುಗಳಲ್ಲಿ ದೂರುಗಳು ಬಹಳ ಬಂದವು. ಟಾಟಾ ಅವನ್ನು ಸರಿಪಡಿಸಿ 2001ರಲ್ಲಿ ಇಂಡಿಕಾ ವಿ2 ತಂದಿತು. ಡೀಸೆಲ್ ಅಗ್ಗವಿದ್ದ ಕಾಲ ಅದು. ಹಳದಿ ಬೋರ್ಡಿನ ಇಂಡಿಕಾ ನಮ್ಮ ಕಡೆ ಬಾಡಿಗೆ ಕಾರಿನ ಇನ್ನೊಂದು ಹೆಸರೇ ಆಯಿತು. ಡೇವೂ ಕತೆ ಬೇರೆ. ಕೊರಿಯಾದ ಮೂಲ ಕಂಪನಿ ದಿವಾಳಿಯಾಗಿ ಇಲ್ಲಿನ ಕಾರ್ಖಾನೆಯೂ ನಿಂತಿತು. ಮ್ಯಾಟಿಜ್ ಒಳ್ಳೆಯ ಕಾರು ಎಂದು ಕೊಂಡವರು ಈಗಲೂ ಹೇಳುತ್ತಾರೆ. ಒಳ್ಳೆಯ ಕಾರು ಅನಾಥವಾದರೆ ಬೆಲೆ ಏನಾಗುತ್ತದೆ ಎಂದು ನಮ್ಮವರು ಅಲ್ಲಿ ಕಲಿತರು. ಪೂರ್ತಿ ಕಲಿಯಲಿಲ್ಲ ಅನ್ನಬೇಕು. ಮುಂದೆ ಷೆವರ್ಲೆ 2017ರಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ಡಾಟ್ಸನ್ 2022ರಲ್ಲಿ ಹೋಯಿತು.

ನಾವೂ ಕಲಿತವರಲ್ಲ. 2016ರಲ್ಲಿ ಮೂವರು ವರದಿಗಾರರು ದುಡ್ಡು ಹಾಕಿ ಒಂದು ಹಳೆಯ ಸಣ್ಣ ಕಾರು ಕೊಂಡೆವು. ಕಂಪನಿಯ ಹೆಸರು ಬೇಡ. 1 ಲಕ್ಷ 10 ಸಾವಿರ ಕೊಟ್ಟೆವು. ಎಸಿ ಇತ್ತು, ಪವರ್ ಸ್ಟೀರಿಂಗ್ ಇತ್ತು, ಅದೇ ದುಡ್ಡಿಗೆ ಬರುತ್ತಿದ್ದ ಬೇರೆ ಕಾರಿಗಿಂತ ನೋಡಲು ಚೆನ್ನಾಗಿತ್ತು. ವೈರಮುಡಿ ಉತ್ಸವದ ವರದಿ ಮುಗಿಸಿ ರಾತ್ರಿ ಮೇಲುಕೋಟೆಯಿಂದ ಇಳಿದು ಬರುವಾಗ ಜಕ್ಕನಹಳ್ಳಿ ಹತ್ತಿರ ನಿಂತಿತು. ಮೆಕ್ಯಾನಿಕ್ ಬಂದು ನೋಡಿ, ಕಂಪ್ಯೂಟರ್ ಹಾಕಿಯೇ ನೋಡಬೇಕು ಎಂದ. ಮೈಸೂರಿಗೆ ಎಳೆದುಕೊಂಡು ಹೋಗಲು ಮೂರು ಸಾವಿರ. ಪಾರ್ಟ್ಸ್ ಬೆಂಗಳೂರಿನಿಂದ ಬರಲು ಹನ್ನೊಂದು ದಿನ. ಎರಡು ವರ್ಷದಲ್ಲಿ ರಿಪೇರಿಗೆ ಒಟ್ಟು 64 ಸಾವಿರ ಹೋಯಿತು. ಮಾರಿದಾಗ ಬಂದದ್ದು 35 ಸಾವಿರ. ಪೆಟ್ರೋಲ್ ಬಿಟ್ಟು ನಾವು ಕಳೆದುಕೊಂಡದ್ದು 1 ಲಕ್ಷ 39 ಸಾವಿರ. ಅದೇ ವರ್ಷ ನಾಗಮಂಗಲದ ಗೆಳೆಯರೊಬ್ಬರು 2008ರ ಮಾರುತಿ 800 ಕಾರನ್ನು 95 ಸಾವಿರಕ್ಕೆ ಕೊಂಡರು. ಎಸಿ ಕೆಟ್ಟಿತ್ತು, ಕಿಟಕಿ ಕೈಯಲ್ಲೇ ತಿರುಗಿಸಬೇಕಿತ್ತು. ಎರಡು ವರ್ಷಕ್ಕೆ 12 ಸಾವಿರ ಖರ್ಚು ಮಾಡಿ 80 ಸಾವಿರಕ್ಕೆ ಮಾರಿದರು. ಅವರು ಕಳೆದುಕೊಂಡದ್ದು 27 ಸಾವಿರ. ನಮ್ಮ ಕಾರಿನ ಎಸಿ ಗಾಳಿ ಎಷ್ಟು ದುಬಾರಿ ಎಂದು ಅವರು ಇವತ್ತಿಗೂ ಕೇಳುತ್ತಾರೆ.

ಒಂದು ಲಕ್ಷದ ಕಾರು

ಅಗ್ಗದ ಕಾರು ಎಂದಾಗ ನ್ಯಾನೊ ಬಿಡುವಂತಿಲ್ಲ. 2008ರ ಜನವರಿ 10ರಂದು ದೆಹಲಿಯಲ್ಲಿ ರತನ್ ಟಾಟಾ ಅದನ್ನು ತೋರಿಸಿದರು. ಬೆಲೆ ಒಂದು ಲಕ್ಷ. ಸ್ಕೂಟರ್ ಮೇಲೆ ಮಳೆಯಲ್ಲಿ ನೆನೆಯುತ್ತ ಹೋಗುವ ಸಂಸಾರಕ್ಕೆ ಒಂದು ಕಾರು ಎಂಬುದು ಅವರ ಆಸೆ. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ರೈತರ ಜಮೀನಿನ ಹೋರಾಟದಿಂದ ಅದೇ ವರ್ಷ ಅಕ್ಟೋಬರ್‌ನಲ್ಲಿ ಕಂಪನಿ ಹೊರಟಾಗ ನಮ್ಮ ರಾಜ್ಯ ಸರ್ಕಾರವೂ ಧಾರವಾಡದ ಕಡೆ ಜಾಗ ಕೊಡಲು ಮುಂದಾಗಿತ್ತು. ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು. 2009ರಲ್ಲಿ ಬುಕಿಂಗ್ ಎರಡು ಲಕ್ಷ ದಾಟಿ, ಮೊದಲ ಒಂದು ಲಕ್ಷ ಜನರನ್ನು ಲಾಟರಿ ಎತ್ತಿ ಆರಿಸಿದರು.

ಒಂದು ಲಕ್ಷದ ಕಾರು ಮನೆ ಬಾಗಿಲಿಗೆ ಒಂದು ಲಕ್ಷಕ್ಕೆ ಬರಲಿಲ್ಲ. ಸಾಗಣೆ, ವಿಮೆ, ರಸ್ತೆ ತೆರಿಗೆ ಸೇರಬೇಕು. ನಮ್ಮ ರಾಜ್ಯದಲ್ಲಿ ಐದು ಲಕ್ಷದೊಳಗಿನ ಕಾರಿಗೂ ಜೀವಿತಾವಧಿ ತೆರಿಗೆ 13 ಪರ್ಸೆಂಟ್, ಅದರ ಮೇಲೆ ಸೆಸ್. ಎಸಿ ಬೇಕೆಂದರೆ ಇನ್ನೂ ಮೇಲಿನ ಮಾಡೆಲ್. ಅಷ್ಟಾಗುವಾಗ ಸೆಕೆಂಡ್ ಹ್ಯಾಂಡ್ ಆಲ್ಟೊ ಕಣ್ಣಿಗೆ ಬೀಳುತ್ತಿತ್ತು.

ಕಾರಿನಲ್ಲೂ ನಮ್ಮ ಬದುಕಿಗೆ ಹೊಂದದ್ದು ಹಲವಿತ್ತು. 624 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಹಿಂದೆ ಇತ್ತು. ಹಿಂದಿನ ಬಾಗಿಲು ಮೊದಲ ಮಾಡೆಲ್‌ಗಳಲ್ಲಿ ತೆರೆಯುತ್ತಲೇ ಇರಲಿಲ್ಲ. ಒಂದು ಮೂಟೆ ಗೊಬ್ಬರವನ್ನೋ ಬಾಳೆಗೊನೆಯನ್ನೋ ಹಾಕಬೇಕೆಂದರೆ ಸೀಟು ಮಡಚಿ ಒಳಗಿನಿಂದ ನೂಕಬೇಕು. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಗಾಡಿಜಾಡು ಬಿದ್ದ ರಸ್ತೆಗೆ 12 ಇಂಚಿನ ಚಕ್ರ ಚಿಕ್ಕದು. 2010ರಲ್ಲಿ ದೇಶದ ಕೆಲವೆಡೆ ನ್ಯಾನೊ ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿ ಬಂತು. ಕಂಪನಿ ಹೆಚ್ಚುವರಿ ರಕ್ಷಣೆಯನ್ನು ಉಚಿತವಾಗಿ ಜೋಡಿಸಿಕೊಟ್ಟರೂ ಮಾತು ಹರಡಿಯಾಗಿತ್ತು. ಇದೆಲ್ಲಕ್ಕಿಂತ ಹೆಚ್ಚಾಗಿ, ಅತಿ ಅಗ್ಗದ ಕಾರು ಎಂಬ ಹಣೆಪಟ್ಟಿಯೇ ಅದಕ್ಕೆ ಮುಳುವಾಯಿತು. ಹಾಗೆ ಪ್ರಚಾರ ಮಾಡಿದ್ದು ತಪ್ಪು ಎಂದು ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು. ಹೆಣ್ಣು ನೋಡಲು ನ್ಯಾನೊದಲ್ಲಿ ಹೋದರೆ ಏನೆಂದುಕೊಂಡಾರು ಎಂಬ ಮಾತು ನಮ್ಮಲ್ಲಿ ತಮಾಷೆಯಾಗಿ ಉಳಿದಿಲ್ಲ, ನಿಜವಾಗಿ ಕಾರು ಕೊಳ್ಳುವುದನ್ನು ತಡೆದಿದೆ. 2018ರ ಜೂನ್‌ನಲ್ಲಿ ತಯಾರಾದದ್ದು ಒಂದೇ ಒಂದು ನ್ಯಾನೊ.

ಕೊಂಡವರಲ್ಲಿ ಖುಷಿಯಾಗಿದ್ದವರೂ ಉಂಟು. ಶ್ರೀರಂಗಪಟ್ಟಣದ ನಿವೃತ್ತ ಮೇಷ್ಟ್ರೊಬ್ಬರು ಈಗಲೂ ಅದರಲ್ಲೇ ಗಂಜಾಂನಿಂದ ಮೈಸೂರಿಗೆ ಹೋಗಿಬರುತ್ತಾರೆ. ಹದಿನೈದು ಕಿಲೋಮೀಟರ್ ದಾರಿ, ಇಬ್ಬರೇ ಗಂಡಹೆಂಡತಿ, ರಿಪೇರಿಯ ಜಾಗ ಹತ್ತಿರ. ಅವರ ಲೆಕ್ಕಕ್ಕೆ ನ್ಯಾನೊ ಸರಿಯಾಗಿದೆ. ಅದೇ ಕಾರು ಬಿಂಡಿಗನವಿಲೆಯಲ್ಲಿದ್ದರೆ ಅವರೂ ಮಾರಿರುತ್ತಿದ್ದರು.

ಬಿಟ್ಟುಹೋದ ಒಂದು ಖಾತೆ

ಇಲ್ಲಿಯವರೆಗೆ ಬರೆದದ್ದೆಲ್ಲ ದುಡ್ಡಿನ ಲೆಕ್ಕ. ಮೈಲೇಜ್ ಎಷ್ಟು, ಪಾರ್ಟ್ಸ್ ಸಿಗುತ್ತದೆಯೇ, ಮಾರಿದರೆ ಎಷ್ಟು ಬರುತ್ತದೆ. ಐವತ್ತು ವರ್ಷ ನಮ್ಮವರು ಕೇಳಿದ್ದು ಈ ಮೂರೇ ಪ್ರಶ್ನೆ. ನಾಲ್ಕನೆಯದನ್ನು ಕೇಳಲಿಲ್ಲ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳು ಅವು. ಐದಕ್ಕೂ ಸೊನ್ನೆ ಸ್ಟಾರ್. 2016ರಲ್ಲಿ ಕ್ವಿಡ್, ಈಕೊ, ಇಯಾನ್ ಕಾರುಗಳಿಗೂ ಸೊನ್ನೆ ಬಂತು. ಆಮೇಲೆ ಸರ್ಕಾರ ಕಾನೂನು ಬಿಗಿ ಮಾಡಿತು. 2019ರ ಜುಲೈಯಿಂದ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯ. ಅದೇ ವರ್ಷ ಅಕ್ಟೋಬರ್‌ನಿಂದ ಎಲ್ಲ ಕಾರುಗಳೂ ಡಿಕ್ಕಿ ಪರೀಕ್ಷೆ ಪಾಸಾಗಬೇಕು. ಈಗ ಆಲ್ಟೊ ಕೆ10 ಕಾರಿನಲ್ಲೂ ಆರು ಏರ್‌ಬ್ಯಾಗ್ ಬರುತ್ತಿವೆ.

ಈ ಸೊನ್ನೆಯ ಅರ್ಥ ನಮಗೆ ತಿಳಿದದ್ದು ವರದಿಗೆ ಹೋದ ಜಾಗಗಳಲ್ಲಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. 2023ರ ನವೆಂಬರ್‌ನಲ್ಲಿ ಬನಘಟ್ಟದ ಹತ್ತಿರ ಕಾರು ಅದೇ ನಾಲೆಗೆ ಬಿದ್ದು ಐವರು ಹೋದರು. ತಡೆಗೋಡೆ ಇಲ್ಲದ ನಾಲೆ ಏರಿಯಲ್ಲಿ ಯಾವ ಕಾರಿನ ಸ್ಟಾರ್ ಕೂಡ ಕಾಯುವುದಿಲ್ಲ, ಅದು ಸರ್ಕಾರದ ಕೆಲಸ. ಆದರೆ ರಸ್ತೆ ಬದಲಾಗಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ದಶಪಥ ಉದ್ಘಾಟನೆಯಾಯಿತು. ಮಿತಿ 100 ಕಿ.ಮೀ. ಎಂದಿದೆ. ಹಳೆಯ ಮೈಸೂರು ರಸ್ತೆಯಲ್ಲಿ ಅರವತ್ತರಲ್ಲಿ ಹೋಗುತ್ತಿದ್ದ 2006ರ ಕಾರು ಈಗ ನೂರರಲ್ಲಿ ಹೋಗುತ್ತಿದೆ. ಕಾರು ಮಾತ್ರ ಅದೇ ತಗಡು, ಟೈರು ಅದೇ ಸವೆದದ್ದು.

ಭಾವನಿಗೆ ಹೇಳಿದ್ದು

ಮಾರನೆಯ ದಿನ ಭಾವನಿಗೆ ಹೀಗೆ ಹೇಳಿದೆವು. ಎರಡೂವರೆ ಲಕ್ಷ ಇದ್ದರೆ ಎರಡು ಲಕ್ಷದ ಕಾರು ನೋಡಿ, ಐವತ್ತು ಸಾವಿರ ಕೈಯಲ್ಲಿಟ್ಟುಕೊಳ್ಳಿ. ನಾಲ್ಕು ಟೈರು, ಬ್ಯಾಟರಿ, ವಿಮೆ ಮೊದಲ ತಿಂಗಳೇ ಕೇಳುತ್ತವೆ. ಹದಿನೈದು ವರ್ಷದ ಹತ್ತಿರದ ಕಾರು ಬೇಡ, ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸುವ ಶುಲ್ಕವೇ 2022ರಿಂದ 600 ಇದ್ದದ್ದು 5 ಸಾವಿರಕ್ಕೆ ಏರಿದೆ. ಸಾಧ್ಯವಾದರೆ 2019ರ ಅಕ್ಟೋಬರ್ ಆದ ಮೇಲೆ ತಯಾರಾದದ್ದು ಹುಡುಕಿ, ಕಾರು ಚಿಕ್ಕದಾದರೂ ಪರವಾಗಿಲ್ಲ. ಕಾರು ನೋಡುವ ಮೊದಲು ಕಿಕ್ಕೇರಿಯ ನಿಮ್ಮ ಮೆಕ್ಯಾನಿಕ್‌ನನ್ನು ಕೇಳಿ: ಯಾವ ಕಾರನ್ನು ಅವನು ಕಣ್ಣುಮುಚ್ಚಿ ಬಿಚ್ಚಬಲ್ಲ, ಯಾವುದರ ಪಾರ್ಟ್ಸ್ ಕೆ.ಆರ್. ಪೇಟೆಯಲ್ಲೇ ಸಿಗುತ್ತದೆ? ಅವನು ಹೇಳಿದ ಹೆಸರೇ ನಮ್ಮ ಹೆಸರು.

‘ಅಂಗಾದ್ರೆ ನಿಮ್ಮುನ್ನ ಯಾಕೆ ಕೇಳ್ಬೇಕಿತ್ತು?’ ಎಂದು ಭಾವ ನಕ್ಕರು.

ಮೂರು ವಾರದ ನಂತರ ಫೋಟೊ ಬಂತು. ಬಿಳಿ ಬಣ್ಣದ ಸಣ್ಣ ಕಾರು, 2020ರದ್ದು. ಬೆಲೆ ಅವರು ಅಂದುಕೊಂಡದ್ದಕ್ಕಿಂತ 30 ಸಾವಿರ ಮೇಲೆ ಹೋಗಿತ್ತು, ಸೊಸೈಟಿಯಲ್ಲಿ ಸಾಲ ಮಾಡಿದ್ದರು. ಮುಂದಿನ ಸೀಟಿನಲ್ಲಿ ಅವರ ತಾಯಿ ಬೆಲ್ಟ್ ಹಾಕಿಕೊಂಡು ಕೂತಿದ್ದರು. ಆವತ್ತಿನಿಂದ ಇವತ್ತಿನವರೆಗೆ ಮೈಸೂರಿಗೆ ನಲವತ್ತೆರಡು ಸಲ ಹೋಗಿಬಂದಿದ್ದಾರೆ. ಒಂದು ಸಲ ಪಂಕ್ಚರ್ ಆಗಿದೆ, ಚಿನಕುರಳಿಯಲ್ಲಿ. ಅರ್ಧ ಗಂಟೆ ತಡವಾಯಿತಂತೆ, ಡಯಾಲಿಸಿಸ್ ತಪ್ಪಲಿಲ್ಲ.